ಹೊಸ ಯಂತ್ರ ಬಂದಾಗ ಲೈನ್ ನಿಲ್ಲಿಸೋ ಹಕ್ಕು ಯಾರದ್ದು?

ಕಾರ್ಖಾನೆಗೆ ಹೊಸ ತಂತ್ರಜ್ಞಾನ ತರೋದು ಅಂದ್ರೆ ಯಂತ್ರ ಖರೀದಿ ಅಂತಲೇ ನಾನು ಇಂಜಿನಿಯರಿಂಗ್‌ನಲ್ಲಿ ಕಲಿತಿದ್ದು. ಬಂಡವಾಳ ಎಷ್ಟು, ಎಷ್ಟು ವರ್ಷದಲ್ಲಿ ವಾಪಸ್? ಯಂತ್ರದ ಮುಂದೆ ನಿಲ್ಲೋ ಮನುಷ್ಯ ಆ ಲೆಕ್ಕದಲ್ಲಿ ಬರೀ ಖರ್ಚು. ಈ ಲೆಕ್ಕ ಹೇಗೆ ಕೈಕೊಡುತ್ತೆ ಅಂತ ತಿಳಿಯೋಕೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಒಂದು ಕಾರು ಕಾರ್ಖಾನೆಯ ಕತೆ ಸಾಕು.

ಜನರಲ್ ಮೋಟರ್ಸ್ (ಜಿಎಂ) 1982ರಲ್ಲಿ ಅದಕ್ಕೆ ಬೀಗ ಹಾಕಿತು. ಗೈರುಹಾಜರಿ, ಜಗಳ, ಕಳಪೆ ಕಾರು. ದೂರೆಲ್ಲ ಕಾರ್ಮಿಕರ ಮೇಲೆ. 1984ರಲ್ಲಿ ಟೊಯೋಟಾ ಜೊತೆಗೂಡಿ ‘ನ್ಯೂಮಿ’ ಹೆಸರಲ್ಲಿ ಮತ್ತೆ ತೆರೆಯಿತು. ಬಹುಪಾಲು ಅವರೇ ಕಾರ್ಮಿಕರು, ಅದೇ ಯೂನಿಯನ್. ಬದಲಾಗಿದ್ದು ಕೆಲಸದ ರೀತಿ. ನೂರಾರು ಜನರನ್ನು ಜಪಾನ್‌ಗೆ ಕಳಿಸಿ, ಅಲ್ಲಿನ ಲೈನ್‌ನಲ್ಲೇ ನಿಲ್ಲಿಸಿ ಕಲಿಸಿದರು. ದೋಷ ಕಂಡರೆ ಯಾವ ಕಾರ್ಮಿಕ ಬೇಕಾದರೂ ಹಗ್ಗ ಎಳೆದು ಲೈನ್ ನಿಲ್ಲಿಸಬಹುದಿತ್ತು. 1988ರಲ್ಲಿ ಬೇಡಿಕೆ ಕುಸಿದಾಗಲೂ ಯಾರನ್ನೂ ಮನೆಗೆ ಕಳಿಸದೆ ತರಬೇತಿಗೆ ಹಾಕಿದರು. ಅಷ್ಟರೊಳಗೇ ಗುಣಮಟ್ಟ ಜಪಾನಿನ ಘಟಕದ ಹತ್ತಿರಕ್ಕೆ ಬಂದಿತ್ತು.

ಅದೇ ಹೊತ್ತಿಗೆ ಜಿಎಂ ಅಧ್ಯಕ್ಷ ರೋಜರ್ ಸ್ಮಿತ್ ರೋಬೋಟ್‌ಗಳಿಗೆ ದುಡ್ಡು ಸುರಿಯುತ್ತಿದ್ದರು. ಡೆಟ್ರಾಯಿಟ್‌ನ ಹ್ಯಾಮ್‌ಟ್ರಾಮಿಕ್ ಘಟಕದಲ್ಲಿ ರೋಬೋಟ್‌ಗಳು ಕಾರು ಬಿಟ್ಟು ಒಂದಕ್ಕೊಂದು ಬಣ್ಣ ಹೊಡೆದುಕೊಂಡವು ಅಂತ ಸುದ್ದಿಯಾಯಿತು. (ಹೋಳಿ ಶಿಫ್ಟ್ ಅನ್ನಿ.)

2010ರಲ್ಲಿ ಫ್ರೀಮಾಂಟ್ ಕಾರ್ಖಾನೆ ಟೆಸ್ಲಾ ಕೈಗೆ ಬಂತು. 2018ರಲ್ಲಿ ಮಾಡೆಲ್ 3 ಉತ್ಪಾದನೆ ಕುಂಟಿದಾಗ, ಅತಿಯಾದ ಯಾಂತ್ರೀಕರಣ ತಪ್ಪಾಯ್ತು ಅಂತ ಎಲಾನ್ ಮಸ್ಕ್ ಅವರೇ ಒಪ್ಪಿಕೊಂಡರು. ಹೊರಗೆ ಟೆಂಟ್ ಹಾಕಿ, ಮನುಷ್ಯರ ಕೈಗಳನ್ನೇ ಹೆಚ್ಚು ನಂಬಿದ ಲೈನ್ ಕಟ್ಟಿದರು. ಹಗ್ಗ ಎಳೆಯೋ ಪಾಠ ಅದೇ ಗೋಡೆಗಳ ಒಳಗೆ ಇತ್ತಲ್ಲ!

ಹಾಗಂತ ಟೊಯೋಟಾ ಪದ್ಧತಿ ಸ್ವರ್ಗವೇನಲ್ಲ. ಅದರ ವೇಗ ಮೈ ಹಿಂಡುತ್ತೆ ಅನ್ನೋ ದೂರು ನ್ಯೂಮಿಯಲ್ಲೂ ಇತ್ತು. 2020ರಲ್ಲಿ ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್‌ನಲ್ಲಿ ಕೆಲಸದ ಹೊರೆ ವಿಪರೀತ ಅಂತ ಯೂನಿಯನ್ ಹೇಳಿತು, ಕಂಪನಿ ಒಪ್ಪಲಿಲ್ಲ, ಲಾಕೌಟ್ ಆಯಿತು. ನನ್ನ ಪ್ರಕಾರ ಹಗ್ಗ ಇದ್ದರೆ ಸಾಲದು, ವೇಗ ನಿಗದಿ ಮಾಡೋ ಮೇಜಿನಲ್ಲೂ ಕಾರ್ಮಿಕರಿಗೆ ಕುರ್ಚಿ ಬೇಕು.

ನಮ್ಮ ಕಾನೂನಲ್ಲಿ ಆ ಕುರ್ಚಿ ಇಲ್ಲ. ಕಾರ್ಮಿಕರ ಕಡಿತಕ್ಕೆ ದಾರಿಯಾಗಬಹುದಾದ ಯಂತ್ರ ಸುಧಾರಣೆಗೆ 21 ದಿನ ಮೊದಲೇ ನೋಟಿಸ್ ಕೊಡಬೇಕು ಅಂತ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಂ ಹೇಳಿತ್ತು. 2020ರ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಆದರೆ ನೋಟಿಸ್ ಅಂದ್ರೆ ತಿಳಿಸೋದು, ಕೇಳೋದಲ್ಲ. ಜರ್ಮನಿಯಲ್ಲಿ ಕಾರ್ಮಿಕರ ಮಂಡಳಿ ಇರುವ ಕಂಪನಿ, ಯಂತ್ರ ಇನ್ನೂ ಯೋಜನೆಯಲ್ಲಿರುವಾಗಲೇ ಆ ಮಂಡಳಿಯ ಜೊತೆ ಕೂತು ಚರ್ಚಿಸಲೇಬೇಕು.