ಛತ್ರವೆಂಬ ಬಾಡಿಗೆಯ ಮನೆ

ಇಂಗ್ಲೆಂಡಿನಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನು ವೇಲ್ಸ್ ನಾಡಿನ ಪುರಾತನ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದು, ಬಂಧುಗಳೆಲ್ಲರೊಡನೆ ತಂದೆಯ ಸಹಸ್ರ ಚಂದ್ರದರ್ಶನ ಶಾಂತಿಯನ್ನು ಆಚರಿಸಿದನಂತೆ. "ನಮ್ಮಲ್ಲಿ ಇಂತಹ ಪದ್ಧತಿ ಉಂಟೇ ಸಾರ್?" ಎಂದು ಕೇಳಿದ್ದಾನೆ. ಉಂಟು, ಅದರ ಹೆಸರು ಛತ್ರ.

ಮೊದಲು ಛತ್ರವು ದಾರಿಹೋಕರದಾಗಿತ್ತು. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಧರ್ಮಛತ್ರವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ಮದುವೆಗಳಾದರೋ ಮನೆಯಂಗಳದ ಚಪ್ಪರದಲ್ಲಿಯೇ ನಡೆಯುತ್ತಿದ್ದವು. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆಯಲ್ಲಿಯೂ, 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿಯೂ ಅದಕ್ಕೆ ಬೇಕಾದಷ್ಟು ಅಂಗಳವಿತ್ತು. ಮನೆಗಳು ಪಾಲಾಗಿ ಅಂಗಳ ಕಿರಿದಾದಂತೆ ಮದುವೆ, ಉಪನಯನಗಳು ಛತ್ರಗಳಿಗೆ ಸಾಗಿದವು.

ಬಸವನಗುಡಿಯ ನಮ್ಮ ಮನೆಯೂ ಪಾಲಾಯಿತು. ಚಿಕ್ಕಪ್ಪನವರಿಗೂ ನಮ್ಮ ತಂದೆಯವರಿಗೂ ಹನ್ನೆರಡು ವರ್ಷ ಮಾತಿರಲಿಲ್ಲ. ನನ್ನ ತಂಗಿಯ ಮದುವೆಗೆ ಚಾಮರಾಜಪೇಟೆಯ ಛತ್ರವೊಂದನ್ನು ಎರಡು ದಿನಕ್ಕೆ ಹಿಡಿದಿದ್ದೆವು. ವರಪೂಜೆಯ ರಾತ್ರಿ ಜಮಖಾನ ಸಾಲದೆ ಇಬ್ಬರೂ ಒಂದರ ಮೇಲೆಯೇ ಮಲಗಬೇಕಾಯಿತು. ಬೆಳಗಿನ ಜಾವ ಎದ್ದು ನೋಡಿದರೆ, ತಮ್ಮ ತಾಯಿಯ ಕೈಯಡಿಗೆಯನ್ನು ನೆನೆದು ಇಬ್ಬರೂ ಮೆಲ್ಲನೆ ಮಾತನಾಡುತ್ತಿದ್ದರು.

ಮರುದಿನ ಸಂಜೆ ಪಾತ್ರೆಗಳನ್ನು ಎಣಿಸಿಕೊಟ್ಟು, ಬೀಗದ ಕೈಯನ್ನು ಹಿಂದಿರುಗಿಸಿದೆವು. ಸ್ವಂತ ಮನೆ ಬೇರ್ಪಡಿಸಿದವರನ್ನು ಬಾಡಿಗೆಯ ಮನೆ ಕೂಡಿಸಿತ್ತು. ಆದ್ದರಿಂದ ಮಕ್ಕಳೇ, ಬಂಗಲೆಯಾಗಲಿ ಛತ್ರವಾಗಲಿ, ಒಂದು ರಾತ್ರಿಯಾದರೂ ಎಲ್ಲರೂ ಅಲ್ಲಿಯೇ ತಂಗಿರಿ. ಊಟ ಮುಗಿಸಿ ಹೊರಟುಹೋಗಬೇಡಿರಿ.