ಮುಂದಿನ ಟೈರು ಬಲಗಡೆಯೇ ಯಾಕೆ ಸವೆಯುತ್ತೆ?

ದೂರ ಸವಾರಿಗೆ ಅಂತಲೇ ಕೊಂಡ ದೊಡ್ಡ ಬೈಕು ನಿಮ್ಮ ಹತ್ತಿರ ಇದ್ದರೆ ಒಂದು ಕೆಲಸ ಮಾಡಿ. ಗಾಡಿ ನಿಲ್ಲಿಸಿ, ಕುಕ್ಕರಗಾಲಲ್ಲಿ ಕೂತು, ಮುಂದಿನ ಟೈರನ್ನು ಸುಮ್ಮನೆ ನೋಡಿ. ಏಳೆಂಟು ಸಾವಿರ ಕಿಲೋಮೀಟರ್ ಓಡಿದ ಟೈರಾದರೆ ಬಲಗಡೆ ಎಡಗಡೆಗಿಂತ ಹೆಚ್ಚು ಸವೆದಿರುವ ಸಾಧ್ಯತೆಯೇ ಜಾಸ್ತಿ. (ಬಲ ಅಂದರೆ ಸೀಟಿನ ಮೇಲೆ ಕೂತಾಗಿನ ಬಲ. ಎದುರು ಕೂತು ನೋಡುವಾಗ ಉಲ್ಟಾ ಆಗುತ್ತೆ, ಹುಷಾರು!)

ಇದನ್ನು ನೋಡಿದ ತಕ್ಷಣ ನಮ್ಮವರು ಹೇಳುವುದು ಮೂರೇ ಮಾತು. ಟೈರು ಸರಿ ಇಲ್ಲ, ಫೋರ್ಕ್ ಬೆಂಡಾಗಿದೆ, ಇಲ್ಲವೇ ನೀನು ಓಡಿಸೋದು ಸರಿ ಇಲ್ಲ. ನನಗೂ ಒಂದು ಕಡೆ ಫೋರ್ಕ್ ಬಿಚ್ಚಿಸಿ ನೋಡಿಸಿ ಅಂದರು. ಪಾಂಡವಪುರದ ಪಂಚರ್ ಅಂಗಡಿಯವರೊಬ್ಬರು ಮಾತ್ರ ನಕ್ಕು, "ಎಲ್ಲರದೂ ಬಲಗಡೆನೇ ಸವೆಯೋದು ಕಣಣ್ಣ, ರಸ್ತೆನೇ ಹಂಗದೆ" ಅಂದರು. ಆ ಮಾತಿನ ಹಿಂದೆ ಇನ್ನೂರು ವರ್ಷದ ಇತಿಹಾಸ ಇದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶ್ರೀರಂಗಪಟ್ಟಣದಿಂದಲೇ ಶುರು ಮಾಡೋಣ. ಅಲ್ಲಿ ಕಾವೇರಿಗೆ ಅಡ್ಡಲಾಗಿ ವೆಲ್ಲೆಸ್ಲಿ ಸೇತುವೆ ಇದೆ. 1804ರಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ್ದು, ಕಲ್ಲುಕಂಬ ನಿಲ್ಲಿಸಿ ಅದರ ಮೇಲೆ ಕಲ್ಲಿನ ತೊಲೆ ಹಾಸಿದ್ದು. ಟಿಪ್ಪು ಸುಲ್ತಾನ 1799ರಲ್ಲಿ ಮಡಿದು ಐದೇ ವರ್ಷ ಆಗಿತ್ತು. ಆಗ ಆ ಸೇತುವೆ ದಾಟುತ್ತಿದ್ದದ್ದು ಎತ್ತಿನ ಗಾಡಿ, ಕುದುರೆ, ಪಲ್ಲಕ್ಕಿ. ಆಮೇಲೆ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಸುಮಾರು 1600 ಮೈಲಿ ರಸ್ತೆ ಆಯಿತು ಅಂತ ಇತಿಹಾಸದ ಪುಸ್ತಕಗಳು ಹೇಳುತ್ತವೆ.

ಆ ಕಾಲದ ರಸ್ತೆಯ ದೊಡ್ಡ ಶತ್ರು ನೀರು. ನೀರು ನಿಂತರೆ ರಸ್ತೆ ಕೆಸರಾಗುತ್ತೆ. ಅದಕ್ಕೆ ನಡು ಎತ್ತರ, ಎರಡೂ ಪಕ್ಕ ಇಳಿಜಾರು. ಸ್ಕಾಟ್ಲೆಂಡಿನ ಜಾನ್ ಮೆಕಾಡಮ್ (1756-1836) ಸಣ್ಣ ಸಣ್ಣ ಜಲ್ಲಿಯನ್ನು ಒತ್ತಿ ರಸ್ತೆ ಮಾಡುವುದನ್ನು ಹೇಳಿಕೊಟ್ಟ. ಅವನ ಲೆಕ್ಕದಲ್ಲಿ 30 ಅಡಿ ಅಗಲದ ರಸ್ತೆಗೆ ನಡುವೆ 3 ಅಂಗುಲ ಉಬ್ಬಿದ್ದರೆ ಸಾಕು. ಇಂಜಿನಿಯರುಗಳು ಇದನ್ನು ಕ್ಯಾಂಬರ್ ಅನ್ನುತ್ತಾರೆ. ನಮ್ಮ ಕಡೆಯ ಜಲ್ಲಿ ರಸ್ತೆಗಳೂ ಈ ವಂಶದವೇ.

ಇಲ್ಲೊಂದು ತಮಾಷೆಯ ಸಂಗತಿ ಇದೆ. ಕಬ್ಬಿಣದ ಹಳಿ ಹಾಕಿದ ಗಾಡಿಚಕ್ರ ಜಲ್ಲಿಯ ಮೇಲೆ ಉರುಳುತ್ತಾ ಕಲ್ಲನ್ನು ಪುಡಿ ಮಾಡುತ್ತಿತ್ತು. ಆ ಪುಡಿಯೇ ಸಂದಿಗಳಲ್ಲಿ ಕೂತು ರಸ್ತೆಯನ್ನು ಬಿಗಿ ಮಾಡುತ್ತಿತ್ತು. ಅಂದರೆ ಗಾಡಿಯೇ ರಸ್ತೆಯನ್ನು ರಿಪೇರಿ ಮಾಡಿಕೊಳ್ಳುತ್ತಿತ್ತು! 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರು ತಂದ. (ಅವನಿಗಿಂತ ನಾಲ್ಕು ದಶಕ ಮೊದಲೇ, 1845ರಲ್ಲಿ, ರಾಬರ್ಟ್ ಥಾಮ್ಸನ್ ಇದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದ. ಆಗ ಅದು ಯಾರಿಗೂ ಬೇಕಿರಲಿಲ್ಲ.) ಮೋಟಾರು ಬಂದಾಗ ರಬ್ಬರ್ ಟೈರು ಆ ಪುಡಿಯನ್ನೆಲ್ಲ ಎಬ್ಬಿಸಿ ಧೂಳು ಮಾಡಿತು, ಜಲ್ಲಿ ಸಡಿಲ ಆಯಿತು. ಹಾಗಾಗಿ ಡಾಂಬರು ಬೇಕಾಯಿತು. 1902ರಲ್ಲಿ ಇಂಗ್ಲೆಂಡಿನ ಹೂಲಿ ಎಂಬಾತ ಟಾರ್ಮ್ಯಾಕ್‌ಗೆ ಪೇಟೆಂಟ್ ಪಡೆದ. ನಮ್ಮ ದೇಶದಲ್ಲಿ 1927ರಲ್ಲಿ ಜಯಕರ್ ಸಮಿತಿ, ಅದರ ಶಿಫಾರಸಿನಂತೆ 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬಂದವು.

ಹೊದಿಕೆ ಬದಲಾಯಿತು, ಆದರೆ ನಡುವಿನ ಉಬ್ಬು ಹೋಗಲಿಲ್ಲ. ಇಂದಿಗೂ ತೆಳು ಡಾಂಬರು ರಸ್ತೆಗೆ ನೂರಕ್ಕೆ 2ರಿಂದ 2.5ರಷ್ಟು ಇಳಿಜಾರು ಇರಬೇಕು ಅಂತ ನಿಯಮ. ಮೀಟರಿಗೆ ಎರಡೂವರೆ ಸೆಂಟಿಮೀಟರ್ ಅಂದುಕೊಳ್ಳಿ.

ಈಗ ಬೈಕಿಗೆ ಬನ್ನಿ. ನಾವು ಎಡಗಡೆ ಓಡಿಸುತ್ತೇವೆ, ಅಲ್ಲಿ ರಸ್ತೆ ಎಡಕ್ಕೆ ಇಳಿದಿರುತ್ತೆ. ಆದರೆ ನೇರ ಹೋಗುವ ಬೈಕು ರಸ್ತೆಯ ಇಳಿಜಾರಿಗೆ ಬಗ್ಗುವುದಿಲ್ಲ, ತೂಕದ ಬೊಂಬೆಯ ಹಾಗೆ ನೆಟ್ಟಗೆ ನಿಲ್ಲುತ್ತೆ. ಹಾಗಾಗಿ ಎತ್ತರದ ಕಡೆ, ಅಂದರೆ ಬಲಗಡೆ, ಟೈರು ನೆಲಕ್ಕೆ ತಾಗುತ್ತೆ. ಬಹಳ ಜನ ಕಥೆಯನ್ನು ಇಲ್ಲಿಗೇ ಮುಗಿಸಿಬಿಡುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ. ನೂರಕ್ಕೆ 2.5 ಇಳಿಜಾರು ಅಂದರೆ ಸುಮಾರು ಒಂದೂವರೆ ಡಿಗ್ರಿ. ಟೈರಿನ ದುಂಡಿಗೆ ಆರು ಸೆಂಟಿಮೀಟರ್ ತ್ರಿಜ್ಯ ಇದ್ದರೆ ನೆಲ ಮುಟ್ಟುವ ಜಾಗ ಬಲಕ್ಕೆ ಸರಿಯುವುದು ಬರೀ ಒಂದೂವರೆ ಮಿಲಿಮೀಟರ್! ಡಾಂಬರಿನ ಮೇಲೆ ಡಾಂಬರು ಬಳಿದು ನಡು ಎದ್ದು ಅಂಚು ಕುಸಿದ ಕಡೆ ಇನ್ನೂ ಸ್ವಲ್ಪ ಜಾಸ್ತಿ ಇರಬಹುದು. ಆದರೂ ಟೈರಿನ ಹೆಗಲು ಸವೆಯಲು ಅದೊಂದೇ ಸಾಲದು.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಅದು ಎಡಗಡೆ ಹೋಗಬೇಕು ಅನ್ನುವ ನಿಯಮವೇ. ಬ್ರಿಟನ್ನಿನಲ್ಲಿ 1835ರ ಹೆದ್ದಾರಿ ಕಾಯ್ದೆ ಎಡಗಡೆಯನ್ನು ಕಾನೂನು ಮಾಡಿತು, ಬ್ರಿಟಿಷರ ಆಳ್ವಿಕೆಯಲ್ಲಿ ನಮಗೂ ಅದೇ ರೂಢಿ ಬಂತು. ಎಡಗಡೆ ಹೋಗುವವನಿಗೆ ಬಲ ತಿರುವು ಯಾವಾಗಲೂ ಹೊರಸುತ್ತು, ಎಡ ತಿರುವು ಒಳಸುತ್ತು. ಏಳು ಮೀಟರ್ ಅಗಲದ ರಸ್ತೆಯಲ್ಲಿ ಹೋಗುವ ಸಾಲಿಗೂ ಬರುವ ಸಾಲಿಗೂ ನಡುವೆ ಮೂರೂವರೆ ಮೀಟರ್. ಒಂದು ಕಾಲುಸುತ್ತಿನ ತಿರುವಿನಲ್ಲಿ ಹೊರಸುತ್ತು ಒಳಸುತ್ತಿಗಿಂತ ಸುಮಾರು ಐದೂವರೆ ಮೀಟರ್ ಉದ್ದ. ತಿರುವು ಸಣ್ಣದಿರಲಿ ದೊಡ್ಡದಿರಲಿ, ಈ ವ್ಯತ್ಯಾಸ ಅಷ್ಟೇ. ಹೋಗುವಾಗ ಬಲಕ್ಕೆ ತಿರುಗಿದ್ದೇ ಬರುವಾಗ ಎಡಕ್ಕೆ ಬರುತ್ತೆ, ಹಾಗಾಗಿ ಹೋಗಿ ಬಂದರೂ ಲೆಕ್ಕ ಸಮ ಆಗುವುದಿಲ್ಲ. ಪ್ರತಿ ತಿರುವಿನಲ್ಲೂ ಬಲಗಡೆಗೆ ಐದೂವರೆ ಮೀಟರ್ ಬಾಕಿ!

ವೇಗದಲ್ಲೂ ಹೀಗೇ. ನಾಗಮಂಗಲದಿಂದ ಪಾಂಡವಪುರಕ್ಕೆ ಬರುವಾಗ, ಅಥವಾ ಕೆ.ಆರ್.ಪೇಟೆಯ ಕಡೆ ಕೆರೆ ಏರಿ ಮೇಲೆ ತಿರುಗುವಾಗ ಗಮನಿಸಿ. ಎಡ ತಿರುವಿನಲ್ಲಿ ಎಡಗಡೆಯ ಕಬ್ಬಿನ ಗದ್ದೆಯೋ ಬೇಲಿಯೋ ಕಣ್ಣಿಗೆ ಅಡ್ಡ, ಎದುರಿಗೆ ಏನು ಬರುತ್ತಿದೆ ಕಾಣುವುದಿಲ್ಲ. ಯಾರಾದರೂ ನಿಧಾನ ಮಾಡಲೇಬೇಕು. ಬಲ ತಿರುವಿನಲ್ಲಿ ನಾವು ಹೊರಗಡೆ ಇರುತ್ತೇವೆ, ರಸ್ತೆ ಹೆಚ್ಚು ದೂರ ಕಾಣುತ್ತೆ, ಧೈರ್ಯವಾಗಿ ಬಗ್ಗಿಸುತ್ತೇವೆ. ಮೇಲುಕೋಟೆ ಬೆಟ್ಟ ಹತ್ತಿ ಇಳಿದರೆ ಇದು ಚೆನ್ನಾಗಿ ಗೊತ್ತಾಗುತ್ತೆ. ಇದರ ಮೇಲೆ ಯೂ ಟರ್ನು, ಅದಂತೂ ನಮ್ಮಲ್ಲಿ ಯಾವಾಗಲೂ ಬಲಕ್ಕೇ. ಹಿಂದಿನ ಟೈರು ಇಂಜಿನ್ನಿನ ಎಳೆತಕ್ಕೆ ನಡುವೆ ಸವೆದು ಚಪ್ಪಟೆ ಆಗುತ್ತೆ. ಮುಂದಿನದಕ್ಕೆ ಎಳೆಯುವ ಕೆಲಸ ಇಲ್ಲ, ತಿರುಗಿಸುವುದು ಮತ್ತು ಬ್ರೇಕಿನ ಬಹುಪಾಲು ಅದರದ್ದು. ಅದಕ್ಕೆ ಅದು ಹೆಗಲಲ್ಲಿ ಸವೆಯುತ್ತೆ.

ಇದು ಬರೀ ನನ್ನ ಊಹೆ ಅಲ್ಲ ಅನ್ನುವುದಕ್ಕೆ ಒಂದು ಸಾಕ್ಷಿ ಇದೆ. ಬಲಗಡೆ ಓಡಿಸುವ ಅಮೆರಿಕದಲ್ಲಿ ಸವಾರರು ಗೊಣಗುವುದು ಎಡಗಡೆ ಸವೆತದ ಬಗ್ಗೆ! ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು, ಟಿಪ್ಪುವಿನ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದ ಜಾಗ. 1799ರಲ್ಲಿ ಅವರ ಕಡೆಗೆ ಗೆಲುವಾಗಿದ್ದರೆ ಇವತ್ತು ನಮ್ಮ ಟೈರು ಎಡಗಡೆ ಸವೆಯುತ್ತಿತ್ತೋ ಏನೋ.

ಹಾಗಾದರೆ ಜಾವಾ ಕಾಲದವರು ಯಾಕೆ ಇದನ್ನು ಹೇಳಲಿಲ್ಲ? ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು, 1973ರಿಂದ ಯೆಜ್ಡಿ ಹೆಸರಿನಲ್ಲಿ. ನಮ್ಮ ಕಡೆಯ ಹಳ್ಳಿಗಳಲ್ಲಿ ಆ ಗಾಡಿಗಳ ಸದ್ದು ಕೇಳದವರಿಲ್ಲ. ಆ ಬೈಕಿಗೆ ಕಿರಿದಾದ ಟೈರು, ಗಟ್ಟಿ ರಬ್ಬರು, ಡ್ರಮ್ ಬ್ರೇಕು. ಸವಾರರು ಹಿಂದಿನ ಬ್ರೇಕನ್ನೇ ಹೆಚ್ಚು ನಂಬುತ್ತಿದ್ದರು, ವೇಗವೂ ಕಡಿಮೆ. ಸವೆತ ಇದ್ದರೂ ಕಣ್ಣಿಗೆ ಬೀಳುವಷ್ಟು ಇರಲಿಲ್ಲ. ಆ ಮೇಲೆ 1999ರ ಹೀರೋ ಹೋಂಡಾ ಸಿಬಿಝಡ್, 2001ರ ಪಲ್ಸರ್ ಬಂದು ಮುಂದಿನ ಡಿಸ್ಕ್ ಬ್ರೇಕು ಸಾಮಾನ್ಯ ಆಯಿತು. 2016ರ ಕೊನೆಗೆ ಡಾಮಿನಾರ್ 400ರಂಥ ದೂರ ಓಡುವ ಭಾರದ ಬೈಕುಗಳು ಬಂದವು. ಅಗಲದ ಟೈರು, ಹಿಡಿತಕ್ಕಾಗಿ ಮೆತ್ತನೆಯ ರಬ್ಬರು, ಜೋರು ಬ್ರೇಕು. ರಸ್ತೆ ಇನ್ನೂರು ವರ್ಷದಿಂದ ಹೇಳುತ್ತಿದ್ದದ್ದು ಈಗ ಟೈರಿನ ಮೇಲೆ ಅಚ್ಚಾಗತೊಡಗಿತು, ಅಷ್ಟೇ.

ಇನ್ನೊಂದು ಹೊಸ ಅಧ್ಯಾಯವೂ ಸೇರಿದೆ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆ ಮಂಡ್ಯದಲ್ಲಾಯಿತು. ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬರುವಂತಿಲ್ಲ ಅಂತಾಯಿತು. ಈಗ ಬೈಕಿನವರು ಸರ್ವಿಸ್ ರಸ್ತೆ ಹಿಡಿಯಬೇಕು. ಇಲ್ಲವೇ ಕುಣಿಗಲ್, ಬೆಳ್ಳೂರು ಕ್ರಾಸ್, ನಾಗಮಂಗಲ, ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಬರಬೇಕು. ನಾನು ಎರಡನೆಯದನ್ನೇ ಹಿಡಿಯುತ್ತೇನೆ. ದಾರಿ ಚೆಂದ, ಆದರೆ ಎದುರು ಗಾಡಿ ಬರುವ ರಸ್ತೆ, ಊರಿಂದ ಊರಿಗೆ ತಿರುವು. ಬಲಗಡೆಯ ಬಾಕಿ ಬೆಳೆಯುತ್ತಲೇ ಹೋಗುತ್ತೆ.

ಇದನ್ನೆಲ್ಲ ತಿಳಿದು ಏನು ಪ್ರಯೋಜನ ಅಂತೀರಾ? ಎರಡು ಪ್ರಯೋಜನ ಇದೆ. ಮೊದಲನೆಯದು ದುಡ್ಡು. ಬಲಗಡೆ ಒಂದೇ ಸಮನೆ ನುಣ್ಣಗೆ ಸವೆದಿದ್ದು, ಗಾಡಿ ನೆಟ್ಟಗೆ ಹೋಗುತ್ತಿದ್ದರೆ ಬಹುಮಟ್ಟಿಗೆ ಅದು ರಸ್ತೆಯ ಲೆಕ್ಕ, ಸುಮ್ಮನೆ ಫೋರ್ಕ್ ಬಿಚ್ಚಿಸಬೇಡಿ. ಅಲ್ಲಲ್ಲಿ ಬಟ್ಟಲಿನ ಹಾಗೆ ಗುಳಿ ಬಿದ್ದಿದ್ದರೆ, ಕೈ ಆಡಿಸಿದಾಗ ಗರಗಸದ ಹಾಗೆ ಹತ್ತಿದರೆ ಗಾಳಿ ಕಡಿಮೆಯೋ, ಸಸ್ಪೆನ್ಷನ್ ಸೋತಿದೆಯೋ, ಬೇರಿಂಗ್ ಹೋಗಿದೆಯೋ ನೋಡಿಸಿ. ಗಾಡಿ ಒಂದೇ ಕಡೆ ಎಳೆಯುತ್ತಿದ್ದರೆ ಮಾತ್ರ ಚಕ್ರ ನೆಟ್ಟಗಿದೆಯಾ ಅಂತ ಪರೀಕ್ಷೆ ಮಾಡಿಸಿ.

ಎರಡನೆಯದು ಜೀವ. ನಡುವೆ ಗೀರು ಚೆನ್ನಾಗಿ ಕಾಣುತ್ತೆ ಅಂತ ಇನ್ನೂ ಎರಡು ಸಾವಿರ ಕಿಲೋಮೀಟರ್ ಓಡಿಸೋಣ ಅಂದುಕೊಳ್ಳುತ್ತೇವೆ. ಆದರೆ ಬಗ್ಗಿದಾಗ ನೆಲ ಮುಟ್ಟುವುದು ನಡುವಲ್ಲ, ಬಲಗಡೆ. ಕಬ್ಬು ಅರೆಯುವ ಕಾಲದಲ್ಲಿ ರಸ್ತೆ ತುಂಬ ಕಬ್ಬಿನ ಸೋಗೆ, ಟ್ರ್ಯಾಕ್ಟರ್ ಚಕ್ರದ ಕೆಸರು, ಅದರ ಮೇಲೆ ನಾಲ್ಕು ಹನಿ ಮಳೆ. ಅಂಥ ಬಲ ತಿರುವಿನಲ್ಲಿ ನಿಮ್ಮನ್ನು ಹಿಡಿಯಬೇಕಾದ್ದು ಸವೆದು ಹೋದ ಅದೇ ಭಾಗ. ಟೈರಿನ ಅಂಚಿನಲ್ಲಿ ಟಿಡಬ್ಲ್ಯುಐ ಅಂತ ಗುರುತು ಇರುತ್ತೆ, ಅದರ ನೇರಕ್ಕೆ ಗೀರಿನೊಳಗೆ ಸಣ್ಣ ದಿಬ್ಬ. ಬಲಗಡೆಯ ದಿಬ್ಬ ರಬ್ಬರಿನ ಸಮಕ್ಕೆ ಬಂದರೆ ಟೈರು ಮುಗಿದಂತೆಯೇ, ಎಡಗಡೆ ಎಷ್ಟೇ ಉಳಿದಿರಲಿ.

ಹಾಗಂತ ಟೈರನ್ನು ತಿರುಗಿಸಿ ಹಾಕಿಸಲು ಹೋಗಬೇಡಿ. ಎತ್ತಿನ ಗಾಡಿಯ ಎಡಚಕ್ರ ಬಲಕ್ಕೆ, ಬಲಚಕ್ರ ಎಡಕ್ಕೆ ಹಾಕಬಹುದು. ಬೈಕಿನ ಮುಂದಿನ ಟೈರಿಗೆ ಆ ಭಾಗ್ಯ ಇಲ್ಲ, ಪಕ್ಕದಲ್ಲಿ ಬಾಣದ ಗುರುತು ಹಾಕಿರುತ್ತಾರೆ. ಬ್ರೇಕ್ ಹಾಕಿದಾಗಿನ ಬಲ ತಡೆಯುವುದು, ಮಳೆಯಲ್ಲಿ ನೀರು ಹೊರಗೆ ತಳ್ಳುವುದು, ಎಲ್ಲ ಆ ದಿಕ್ಕಿಗೆ ತಕ್ಕಂತೆ ಮಾಡಿರುತ್ತೆ. ಉಲ್ಟಾ ಹಾಕಿಸಿ ಉಳಿಸುವ ದುಡ್ಡು ಆಸ್ಪತ್ರೆಯ ಗೇಟಿಗೂ ಸಾಲದು.

ಸವೆದ ಟೈರು ಬಿಸಾಕುವ ಮುಂಚೆ ಒಂದು ಸಲ ಬಲಗಡೆ ಕೈ ಆಡಿಸಿ ನೋಡಿ. ಹೊಸದು ಹಾಕಿಸಿದ ದಿನ ಎಷ್ಟು ಕಿಲೋಮೀಟರ್ ಆಗಿತ್ತು ಅಂತ ಗಾಡಿ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಯಾವಾಗ ಬದಲಾಯಿಸಬೇಕು ಅಂತ ಅಂಗಡಿಯವರನ್ನು ಕೇಳುವ ಅಗತ್ಯ ಬರುವುದಿಲ್ಲ.