ರಜೆಯಲ್ಲಿ ಬಣ್ಣ ಹಚ್ಚಿದವರು
ಕರ್ನಾಟಕದ ವಿದ್ಯಾರ್ಥಿ ರಂಗಭೂಮಿ ನಡೆದು ಬಂದ ದಾರಿ

ರಾಗಿ ಕಣ ಮುಗಿದು ಶಿವರಾತ್ರಿ ಕಳೆದರೆ ಚಿಂತಾಮಣಿ ಸೀಮೆಯ ಊರುಗಳಲ್ಲಿ ನಾಟಕದ ಮಾತು ಶುರುವಾಗುತ್ತದೆ. ಕೆಂಚಾರ್ಲಹಳ್ಳಿಯ ಸುತ್ತಲಿನ ಈ ಗಡಿನಾಡಿನಲ್ಲಿ ಕನ್ನಡದ ‘ಕುರುಕ್ಷೇತ್ರ’ವೂ ತೆಲುಗಿನ ಪದ್ಯನಾಟಕವೂ ಒಂದೇ ಜನಕ್ಕೆ ಪರಿಚಿತ. ರೈತರು, ಅಂಗಡಿಯವರು, ಶಾಲಾ ಮೇಷ್ಟ್ರುಗಳು ತಾವೇ ಚಂದಾ ಹಾಕಿ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ರಾತ್ರಿಯೆಲ್ಲ ಪದ್ಯ ಕಲಿತು ಜಾತ್ರೆಗೆ ನಾಟಕ ಕಟ್ಟುತ್ತಾರೆ. ಕಾಲೇಜು ಹುಡುಗರು ಪರೀಕ್ಷೆ ಮುಗಿಸಿ ಊರಿಗೆ ಬರುವ ಕಾಲವೂ ಅದೇ. ಆದರೆ ವಿದ್ಯಾರ್ಥಿಗಳೇ ಕಟ್ಟಿ ನಡೆಸಿದ ನಾಟಕತಂಡಗಳ ಚರಿತ್ರೆ ಹಳ್ಳಿಯ ನಾಟಕದ ಜಾಡು ಹಿಡಿಯದೆ ಬೇರೆಯದೇ ದಾರಿಯಲ್ಲಿ ಸಾಗಿತು.

ಆ ದಾರಿಯಲ್ಲಿ ಮೊದಲಿನಿಂದಲೂ ಒಂದು ತೊಡಕಿದೆ. ಹಳ್ಳಿಯಲ್ಲಿ ಒಮ್ಮೆ ದುರ್ಯೋಧನನಾದವರು ಇಪ್ಪತ್ತು ವರ್ಷ ಅದೇ ಪಾತ್ರ ಮಾಡಬಹುದು. ಕಾಲೇಜಿನ ನಟ ಮೂರು ವರ್ಷಕ್ಕೆ ಹೊರಟುಹೋಗುತ್ತಾನೆ. ಹಾಗಾಗಿ ವಿದ್ಯಾರ್ಥಿ ತಂಡಗಳಲ್ಲಿ ಉಳಿದು ಬೆಳೆದವು ಯಾವುವು ಎಂದು ನೋಡಿದರೆ, ಒಬ್ಬ ಮೇಷ್ಟ್ರು, ಒಂದು ಸಂಘ, ತಾಲೀಮಿಗೆ ಒಂದು ಜಾಗ, ಅಚ್ಚಾದ ಒಂದು ನಾಟಕ, ಇವುಗಳಲ್ಲಿ ಏನಾದರೊಂದು ಆಸರೆ ಸಿಕ್ಕವೇ ಕಾಣುತ್ತವೆ.

ಸಂಘಗಳ ಕಾಲ

ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ವೃತ್ತಿ ಕಂಪನಿಗಳ ಭರಾಟೆ ಜೋರಾಗಿತ್ತು. ಓದಿದ ತರುಣರಿಗೆ ಆ ಪರದೆ, ಕಿರೀಟ, ಸಂಗೀತಗಳಾಚೆಗೆ ಇನ್ನೇನೋ ಬೇಕಿತ್ತು. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಶುರುವಾಯಿತು. ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದಲ್ಲಿ ಕರ್ಣಾಟಕ ಸಂಘ ಬೆಳೆಯಿತು. 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆ ಹೊರಟದ್ದು ಅಲ್ಲಿಂದಲೇ. ಮುಂದೆ ನಾಡಿನ ಕಾಲೇಜುಗಳಲ್ಲಿ ಹುಟ್ಟಿದ ಎಷ್ಟೋ ಕನ್ನಡ ಸಂಘಗಳಿಗೆ ಈ ಕರ್ಣಾಟಕ ಸಂಘ ಮಾದರಿಯಾಯಿತು, ಆ ಸಂಘಗಳ ವಾರ್ಷಿಕೋತ್ಸವವೇ ಹುಡುಗರಿಗೆ ರಂಗಮಂಚವಾಯಿತು.

ಈ ತರುಣರಿಗೆ ಹೇಳಿಮಾಡಿಸಿದಂಥ ನಾಟಕಕಾರ ಟಿ.ಪಿ. ಕೈಲಾಸಂ. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದ ಅವರು ‘ಟೊಳ್ಳುಗಟ್ಟಿ’ಯಲ್ಲಿ ಓದಿನ ಪ್ರಶ್ನೆಯನ್ನೇ ರಂಗಕ್ಕೆ ತಂದರು. ಓದಿನಲ್ಲಿ ಮುಂದಿರುವ ಪುಟ್ಟು, ಓದು ತಲೆಗೆ ಹತ್ತದ ಮಾಧು. ಮನೆಗೆ ಬೆಂಕಿ ಬಿದ್ದಾಗ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಬಯಲಾಗುತ್ತದೆ. ನಾಟಕಕ್ಕೆ ಬೇಕಾದದ್ದು ಒಂದು ಮನೆಯ ನಡುಕೋಣೆ, ದಿನವೂ ಉಡುವ ಬಟ್ಟೆ, ಮನೆಮಂದಿ ಆಡುವ ಮಾತು. ಖರ್ಚು ಕಡಿಮೆ, ಪಾತ್ರಗಳೆಲ್ಲ ಹುಡುಗರು ಕಂಡವರೇ. ಹೆಣ್ಣುಪಾತ್ರವನ್ನೂ ಹುಡುಗರೇ ಮಾಡುತ್ತಿದ್ದ ಆ ದಿನಗಳಲ್ಲಿ ಇಂಥ ನಾಟಕ ಇಲ್ಲದಿದ್ದರೆ ಕಾಲೇಜು ರಂಗಭೂಮಿ ಕಂಪನಿ ನಾಟಕದ ನೆರಳಿನಲ್ಲೇ ಉಳಿಯುತ್ತಿತ್ತು.

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಆದ್ಯ ರಂಗಾಚಾರ್ಯರು ‘ಶ್ರೀರಂಗ’ರಾಗಿ 1930ರ ‘ಉದರ ವೈರಾಗ್ಯ’ದಿಂದ ಹವ್ಯಾಸಿಗಳಿಗೆ ಸಮಾಜವನ್ನು ನೇರವಾಗಿ ಪ್ರಶ್ನಿಸುವ ನಾಟಕಗಳನ್ನು ಕೊಟ್ಟರು. ಪುತ್ತೂರಿನಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಗೆ ಆಟ, ಹಾಡು, ನಾಟಕಗಳನ್ನೇ ದಾರಿ ಮಾಡಿಕೊಂಡರು. ಅಲ್ಲಿನ ಅವರ ಬಾಲವನ ಇಂದಿಗೂ ಆ ಪ್ರಯೋಗದ ಗುರುತಾಗಿ ನಿಂತಿದೆ.

ಸ್ಪರ್ಧೆ ಮತ್ತು ಸಣ್ಣ ನಾಟಕ

ಸ್ವಾತಂತ್ರ್ಯದ ನಂತರ ಅಂತರ ಕಾಲೇಜು ಸ್ಪರ್ಧೆಗಳು ಬಂದವು. 1954ರಲ್ಲಿ ದೆಹಲಿಯಲ್ಲಿ ಅಂತರ ವಿಶ್ವವಿದ್ಯಾಲಯ ಯುವಜನೋತ್ಸವ ಶುರುವಾದ ಮೇಲೆ ನಾಟಕಕ್ಕೆ ವಿಶ್ವವಿದ್ಯಾಲಯಗಳ ಲೆಕ್ಕದಲ್ಲೊಂದು ಸ್ಥಾನ ಸಿಕ್ಕಿತು. ಸ್ಪರ್ಧೆಯ ಗಡಿಯಾರಕ್ಕೆ ಹೊಂದುವ ಸಣ್ಣ ನಾಟಕಗಳಿಗೆ ಬೇಡಿಕೆ ಹುಟ್ಟಿತು. ನವ್ಯದ ಲೇಖಕರಲ್ಲಿ ಹಲವರು ಕಾಲೇಜು ಮೇಷ್ಟ್ರುಗಳೇ ಆಗಿದ್ದರು. ಚಂದ್ರಶೇಖರ ಪಾಟೀಲರ ‘ಅಪ್ಪ’, ‘ಕೊಡೆಗಳು’, ‘ಟಿಂಗರ ಬುಡ್ಡಣ್ಣ’ದಂಥ ಅಸಂಗತ ನಾಟಕಗಳನ್ನು ನಾಲ್ಕಾರು ಜನ ಕೂಡಿ, ಎರಡು ಕುರ್ಚಿ ಇಟ್ಟುಕೊಂಡು ಆಡಬಹುದಿತ್ತು. ಸಂಜೆ ತರಗತಿ ಮುಗಿದ ಮೇಲೆ ಬೆಂಚುಗಳನ್ನು ಗೋಡೆಗೆ ಸರಿಸಿದರೆ ಅದೇ ತಾಲೀಮಿನ ಮನೆ.

ಚಿಕ್ಕಬಳ್ಳಾಪುರ ಸೀಮೆಯ ಇಬ್ಬರು ಈ ಘಟ್ಟದಲ್ಲಿ ದೊಡ್ಡ ಆಸರೆಯಾದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, ಅಲ್ಲಿನ ಹಾಸ್ಟೆಲಿನ ಕೋಣೆಯಲ್ಲೇ ಬಾಳಿದವರು. ವಿಜ್ಞಾನದ ಮೇಷ್ಟ್ರಾಗಿದ್ದರೂ ಹುಡುಗರ ನಾಟಕಕ್ಕೆ, ಸಂಗೀತಕ್ಕೆ ಕಾಲೇಜಿನ ಬಾಗಿಲು ತೆರೆದಿಟ್ಟರು. ಚಿಕ್ಕಬಳ್ಳಾಪುರದಲ್ಲಿ 1942ರಲ್ಲಿ ಹುಟ್ಟಿದ ಚಿ. ಶ್ರೀನಿವಾಸರಾಜು ಸ್ವತಃ ನಾಟಕಕಾರರು. ಅವರು ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘವನ್ನು ಎಳೆಯ ಲೇಖಕರ ಪುಸ್ತಕ ಅಚ್ಚು ಹಾಕುವ ಸಂಸ್ಥೆಯನ್ನಾಗಿ ಬೆಳೆಸಿದರು. ಹುಡುಗರು ಬದಲಾಗುತ್ತಲೇ ಇದ್ದರು, ಸಂಘ ಮಾತ್ರ ಉಳಿಯಿತು.

ಬೀದಿಗೆ, ಊರೂರಿಗೆ

1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಬಿ.ವಿ. ಕಾರಂತರು ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ನಾಟಕಗಳನ್ನು ಆಡಿಸಿದ್ದು ಒಂದು ತಲೆಮಾರಿನ ತರುಣರನ್ನು ರಂಗಭೂಮಿಗೆ ಎಳೆಯಿತು. 1975ರಲ್ಲಿ ‘ಸಮುದಾಯ’ ಎಂಬ ರಂಗತಂಡ ಹುಟ್ಟಿತು. 1979ರ ಅದರ ಜಾಥಾ ನಾಟಕವನ್ನು ಹಳ್ಳಿ ಹಳ್ಳಿಗೆ ಒಯ್ದಿತು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ದಲಿತರ ಹತ್ಯಾಕಾಂಡವನ್ನು ಹಿಡಿದು ಕಟ್ಟಿದ, ಅರ್ಥಶಾಸ್ತ್ರದ ಮೇಷ್ಟ್ರಾಗಿದ್ದ ಸಿ.ಜಿ. ಕೃಷ್ಣಸ್ವಾಮಿಯವರ ‘ಬೆಲ್ಚಿ’ ಈ ಬೀದಿನಾಟಕಗಳಲ್ಲಿ ಹೆಸರಾದದ್ದು.

ಬೀದಿನಾಟಕದ ವಿಧಾನವೇ ವಿದ್ಯಾರ್ಥಿಗಳಿಗೆ ಒಗ್ಗುವಂಥದ್ದು. ತಮಟೆ ಬಡಿದು, ಹಾಡಿ ಜನ ಸೇರಿಸಬೇಕು. ಸೇರಿದ ಜನವೇ ವೃತ್ತವಾಗಿ ನಿಂತು ರಂಗದ ಗಡಿಯಾಗುತ್ತಾರೆ. ಮೈಕ್ ಇಲ್ಲ, ಪರದೆ ಇಲ್ಲ. ಹೆಗಲ ಮೇಲಿನ ಟವಲು ಈಗ ಗೌಡನ ಪೇಟ, ಮರುಕ್ಷಣ ಕೂಲಿಯವನ ತಲೆಯ ಸಿಂಬಿ. ನಾಲ್ಕೂ ದಿಕ್ಕಿನವರಿಗೆ ಕೇಳುವಂತೆ ಮಾತನ್ನು ಎಸೆಯಲು ಕಲಿತರೆ ಅರ್ಧ ತರಬೇತಿ ಮುಗಿದಂತೆ.

ರಜೆಯಲ್ಲಿ ನಾಟಕ ಕಟ್ಟಿದ ವಿದ್ಯಾರ್ಥಿಗಳು ಬೇರೆಡೆಯೂ ಇದ್ದರು. ಅಮೆರಿಕದ ಕೇಪ್ ಕಾಡ್ ಕಡಲತೀರದಲ್ಲಿ 1928ರ ಬೇಸಿಗೆಯಲ್ಲಿ ಹಲವು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಸೇರಿ ‘ಯೂನಿವರ್ಸಿಟಿ ಪ್ಲೇಯರ್ಸ್’ ಕಟ್ಟಿದರು. ಮುಂದೆ ಸಿನಿಮಾದಲ್ಲಿ ಹೆಸರಾದ ಹೆನ್ರಿ ಫಾಂಡಾ, ಜೇಮ್ಸ್ ಸ್ಟುವರ್ಟ್ ಪಳಗಿದ ತಂಡ ಅದು. ಸ್ಪೇನಿನಲ್ಲಿ ಕವಿ ಲೋರ್ಕಾ 1932ರ ಜುಲೈನಲ್ಲಿ ‘ಲಾ ಬರ್ರಾಕಾ’ದ ವಿದ್ಯಾರ್ಥಿಗಳನ್ನು ಲಾರಿಯಲ್ಲಿ ಕರೆದುಕೊಂಡು ಹಳ್ಳಿಗಳಿಗೆ ಹೊರಟರು. ಹಳೆಯ ಸ್ಪ್ಯಾನಿಷ್ ನಾಟಕಗಳನ್ನು ಊರಿನ ಚೌಕಗಳಲ್ಲಿ ಆಡಿದರು. ಮೊದಲನೆಯದು ಐದು ಬೇಸಿಗೆಗಳಲ್ಲಿ ಮುಗಿಯಿತು, ಎರಡನೆಯದನ್ನು ಅಂತರ್ಯುದ್ಧ ನುಂಗಿತು.

ಕರ್ನಾಟಕದಲ್ಲಿ ಈ ತಿರುಗಾಟಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ. 1949ರಲ್ಲಿ ಅಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಮ್, ಕೆ.ವಿ. ಸುಬ್ಬಣ್ಣನವರ ನಾಯಕತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಲ್ಲಿ ‘ತಿರುಗಾಟ’ ಶುರು ಮಾಡಿತು. ಕಲಿತು ಹೊರಬಂದವರೇ ತಂಡದ ಬೆನ್ನೆಲುಬು. ರಂಗಸಜ್ಜಿಕೆ ಇಳಿಸುವುದು, ದೀಪ ಕಟ್ಟುವುದು, ಬಣ್ಣ ಹಚ್ಚಿ ಆಡುವುದು, ನಾಟಕ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಮತ್ತೆ ಗಾಡಿಗೆ ತುಂಬುವುದು, ಎಲ್ಲ ಅವರದೇ ಕೆಲಸ. ಕಲಿತವರು ಚದುರಿಹೋಗುವ ಹಳೆಯ ತೊಡಕಿಗೆ ಇದು ಉತ್ತರವಾಯಿತು. ನೀನಾಸಮ್‌ನಿಂದ ಊರಿಗೆ ಮರಳಿದವರು ಅಲ್ಲಲ್ಲಿ ತಮ್ಮದೇ ತಂಡ, ಶಿಬಿರಗಳನ್ನು ಕಟ್ಟಿದರು.

ಬೇಸಿಗೆ ಶಿಬಿರ

1989ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಮೈಸೂರಿನ ರಂಗಾಯಣ ಆರಂಭವಾಯಿತು. ಅದರ ‘ಚಿನ್ನರ ಮೇಳ’ ಇಂದು ಮೈಸೂರಿನ ಬೇಸಿಗೆಯ ಭಾಗವೇ ಆಗಿದೆ. ಮಕ್ಕಳು ಹಾಡು, ಚಿತ್ರ, ಮುಖವಾಡ, ಕುಣಿತ ಕಲಿತು ಕೊನೆಗೆ ನಾಟಕ ಆಡುತ್ತಾರೆ. ಇಂಥ ಶಿಬಿರಗಳಿಗೆ ವೈದೇಹಿಯವರ ‘ನಾಯಿಮರಿ ನಾಟಕ’, ‘ಧಾಂ ಧೂಂ ಸುಂಟರಗಾಳಿ’ ಒದಗಿಬಂದವು. ಚಿಂತಾಮಣಿಗೆ ಹತ್ತಿರದ ಕೋಲಾರದ ಬೆಟ್ಟದ ಮೇಲೆ, ತೇರಹಳ್ಳಿಯಲ್ಲಿ, ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ‘ಆದಿಮ’ದ ‘ಚುಕ್ಕಿಮೇಳ’ ಹಳ್ಳಿಯ, ದಲಿತ ಕೇರಿಯ ಮಕ್ಕಳ ಹಾಡು ಕಥೆಗಳಿಂದಲೇ ನಾಟಕ ಹುಟ್ಟಿಸುವ ದಾರಿ ಹಿಡಿಯಿತು.

ಈ ಬೆಳವಣಿಗೆಯಲ್ಲಿ ಗಳಿಸಿದ್ದು ದೊಡ್ಡದು. ಕಳೆದುಕೊಂಡದ್ದೂ ಇದೆ. ಬೇಸಿಗೆ ಶಿಬಿರವನ್ನು ನಡೆಸುವವರು ದೊಡ್ಡವರು. ನಾಟಕ ಆರಿಸುವುದು, ಚಂದಾ ಎತ್ತುವುದು, ಜಗಳವಾಡಿ ಒಂದು ತೀರ್ಮಾನಕ್ಕೆ ಬರುವುದು ಹಳೆಯ ಕಾಲೇಜು ಸಂಘದಲ್ಲಿ ವಿದ್ಯಾರ್ಥಿಗಳದೇ ಜವಾಬ್ದಾರಿಯಾಗಿತ್ತು. ಸೆಮಿಸ್ಟರ್ ಪದ್ಧತಿ ಬಂದು ಕಾಲೇಜಿನ ಉದ್ದನೆಯ ಬೇಸಿಗೆ ರಜೆ ಚೂರಾಗಿದೆ. ನಾಟಕವೆಂದರೆ ಯುವಜನೋತ್ಸವಕ್ಕೆ ಒಂದು ತಂಡ ಕಳಿಸುವುದು ಎಂಬಲ್ಲಿಗೆ ಎಷ್ಟೋ ಕಾಲೇಜುಗಳು ನಿಂತಿವೆ.

2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ಇಲ್ಲಿ ಕೊರತೆಗಿಂತ ಅನುಕೂಲವೇ ಹೆಚ್ಚು. ಪದ್ಯ ಹೇಳಿಕೊಡಬಲ್ಲ ಹಾರ್ಮೋನಿಯಂ ಮೇಷ್ಟ್ರುಗಳು, ಎರಡು ಭಾಷೆ ಬಲ್ಲ ಪ್ರೇಕ್ಷಕರು, ಪಕ್ಕದಲ್ಲೇ ಆದಿಮದ ಅನುಭವ ಎಲ್ಲವೂ ಇವೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಾಲೇಜುಗಳ ಕನ್ನಡ ವಿಭಾಗಗಳು ಒಂದು ಕೋಣೆ ಕೊಟ್ಟು, ಪ್ರತಿವರ್ಷ ಆಡಿದ ನಾಟಕದ ಪ್ರತಿ, ಪಾತ್ರಧಾರಿಗಳ ಪಟ್ಟಿ, ಖರ್ಚಿನ ಲೆಕ್ಕ, ನಾಲ್ಕು ಫೋಟೊಗಳನ್ನು ಅಲ್ಲಿ ಕಾಪಿಟ್ಟರೆ, ಮರುವರ್ಷದ ಹುಡುಗ ಹುಡುಗಿಯರು ಮೊದಲಿನಿಂದ ಶುರು ಮಾಡಬೇಕಾಗಿ ಬರುವುದಿಲ್ಲ.